ಕೊಪ್ಪರಿಗೆಯಲ್ಲಿ ಕುಣಿದ ನಿಯಾಜ್ ಅಹಮದ್

ನ್ಯಾಮತಿಯ ಕಲಾಯಿ ಸುಬಾನಸಾಬನ ಮಗ ನಿಯಾಜ್ ಅಹಮದ್ ವಿಲಾಯಿತಿಗೆ ಹೋಗಿ ಓದಿ ಬಂದ ಎಂಬುದು ಹೊನ್ನಾಳಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಹೋಗಿ ಏನು ಮಾಡಿದ ಎಂದು ಕೇಳಿ ನೋಡಿ, ಬಾಯಿಗೊಂದು ಮಾತು. ಕಬ್ಬಿಣ ಕಾಯಿಸುವುದು ಕಲಿತ ಎನ್ನುವವರುಂಟು, ಬರೀ ಆಲೂಗಡ್ಡೆ ತಿಂದು ಬಂದ ಎನ್ನುವವರುಂಟು. ದೊರೆಗಳ ಮುಂದೆ ಕುಣಿದ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಅಷ್ಟಿಷ್ಟು ನಿಜವಿದೆ.

ಸುಬಾನಸಾಬನ ಕಸುಬು ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದು. ತಾಮ್ರದಲ್ಲಿ ಹುಳಿ ಕುದಿಸಿದರೆ ಕಿಲುಬು ಏಳುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ಒಳಗೆಲ್ಲ ತವರ ಸವರಿಸಬೇಕು. ಸುಬಾನಸಾಬ ತಿದಿ, ಇಕ್ಕಳ, ತವರ ಹಿಡಿಯಲು ಹಾಕುವ ನವಸಾಗರದ ಗಂಟು ಹೆಗಲಿಗೆ ಹಾಕಿ ಹೊರಟನೆಂದರೆ ಮೊದಲು ಗೋವಿನಕೋವಿ, ಆಮೇಲೆ ಹೊನ್ನಾಳಿ, ಅಲ್ಲಿಂದ ಚನ್ನಗಿರಿ. ಬೇಸಿಗೆ ಬಂತೆಂದರೆ ಬಿಳಿಚೋಡಿನ ಮೇಲೆ ಹಾಯ್ದು ಜಗಳೂರು. ಹೋದ ಊರಿನಲ್ಲಿ ಮರದ ಕೆಳಗೆ ಒಂದು ಗುಂಡಿ ತೋಡಿ ಒಲೆ ಹೂಡುವುದು, ‘ಕಲಾಯ್... ಪಾತ್ರೆಗೆ ಕಲಾಯ್...’ ಎಂದು ಕೂಗುವುದು. ಸಣ್ಣ ಪಾತ್ರೆಯಾದರೆ ಕೈಯಲ್ಲಿ ತಿಕ್ಕುತ್ತಿದ್ದ. ದೊಡ್ಡ ಹಂಡೆ, ಕೊಪ್ಪರಿಗೆ ಬಂದರೆ ಮರಳು ಸುರಿದು, ಗೋಣಿತಟ್ಟು ಹಾಸಿ, ತಾನೇ ಒಳಗಿಳಿದು ನಿಲ್ಲುತ್ತಿದ್ದ. ಗೋಡೆಗೋ ಮರಕ್ಕೋ ಎರಡು ಕೈ ಕೊಟ್ಟು ಸೊಂಟವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ ಬರಿಗಾಲಲ್ಲೇ ತಳ ಉಜ್ಜುವುದು. ನೋಡುವ ಹೆಂಗಸರಿಗೆ ನಗು. ಗೋವಿನಕೋವಿಯ ಅಜ್ಜಮ್ಮನಂತೂ ‘ಸಾಬಣ್ಣಾ, ಒಸಿ ಜೋರಾಗಿ ಕುಣಿ, ನಮ್ಮನೆ ಹಂಡೆ ಭಾಳ ಕಪ್ಪೈತೆ’ ಎಂದು ಕಾಡುತ್ತಿದ್ದಳು.

ಇಂಥವನ ಮಗ ಬಿ.ಎಸ್ಸಿ. ಮುಗಿಸಿದ. ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಬೆಂಗಳೂರಿನ ಒಂದು ಸಮಿತಿ ಹುಡುಗರನ್ನು ಇಂಗ್ಲೆಂಡಿಗೆ ಕಳಿಸಿ ಲೋಹವಿದ್ಯೆ ಓದಿಸುತ್ತದೆಂದು ಪತ್ರಿಕೆಯಲ್ಲಿ ಬಂತು. ಹೊನ್ನಾಳಿಯ ಹೆಡ್‌ಮೇಷ್ಟ್ರು ಜಯದೇವಪ್ಪ ಅರ್ಜಿ ತರಿಸಿ, ಅಪ್ಪ ಮಗ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬರೆಯಲು ಕೂತರು. ‘ತಂದೆಯ ಉದ್ಯೋಗ’ ಎಂಬ ಕಡೆ ಬಂದು ಪೆನ್ನು ನಿಂತಿತು.

“ಏನಂತ ಬರೀಲಿ ಸಾಬ್ರೆ?”

“ಕಲಾಯಿ ಹಾಕ್ತಾನೆ ಅಂತ ಬರೀರಿ ಮೇಷ್ಟ್ರೆ. ಊರಿಗೆಲ್ಲ ಗೊತ್ತಿರೋ ವಿಷ್ಯ.”

“ಊರಿಗೆ ಗೊತ್ತೈತೆ, ಬೆಂಗಳೂರಿಗೆ ಗೊತ್ತಿಲ್ಲಲ್ರೀ. ಕೈಗಾರಿಕೆ ಇರೋ ಮನೆತನದ ಹುಡುಗ್ರಿಗೆ ಮಾತ್ರ ಈ ವಿದ್ಯಾರ್ಥಿವೇತನ ಅಂತ ಮೇಲೇ ಅಚ್ಚು ಹಾಕ್ಯಾರೆ. ತಾಮ್ರಕ್ಕೆ ತವರ ಬಳಿಯೋದು ಕೈಗಾರಿಕೆ ಹೌದೋ ಅಲ್ಲೋ?”

“ಕೈಯಾಗೂ ಮಾಡ್ತೀನಿ, ಕಾಲಾಗೂ ಮಾಡ್ತೀನಿ,” ಎಂದ ಸುಬಾನಸಾಬ.

ಮೇಷ್ಟ್ರು ಇಂಗ್ಲಿಷಿನಲ್ಲಿ ದುಂಡಗೆ ಬರೆದರು: ‘ಮೆಟಲ್ ಕೋಟಿಂಗ್ ವರ್ಕ್ಸ್ ಮಾಲೀಕರು. ಕೇಂದ್ರ ಕಚೇರಿ ನ್ಯಾಮತಿ. ಶಾಖೆಗಳು ಹೊನ್ನಾಳಿ, ಚನ್ನಗಿರಿ, ಜಗಳೂರು.’

ನಿಯಾಜ್ ಬಗ್ಗಿ ಓದಿದ. “ಸಾರ್, ಶಾಖೆ ಅಂದ್ರೆ...”

“ವರ್ಷಕ್ಕೆ ಎರಡು ಸಲ ನಿಮ್ಮಪ್ಪ ಅಲ್ಲಿ ಒಲೆ ಹೂಡ್ತಾರೋ ಇಲ್ವೋ? ಮತ್ತೆ? ಇದ್ರಾಗೆ ಒಂದಕ್ಷರ ಸುಳ್ಳಿದ್ರೆ ನನ್ನ ಕಿವಿ ಕತ್ತರಿಸು.”

ಕತ್ತರಿಸುವಂಥದ್ದು ಏನೂ ಇರಲಿಲ್ಲ. ಅಕ್ಷರ ಅಕ್ಷರ ನಿಜವೇ ಇದ್ದು ಒಟ್ಟಿಗೆ ಓದಿದರೆ ಶುದ್ಧ ಸುಳ್ಳಾಗುವಂತೆ ಬರೆಯುವುದು ಓದಿದವರಿಗೆ ಮಾತ್ರ ಬರುವ ವಿದ್ಯೆ. ಅರ್ಜಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಮಾಹಿತಿ ಸುಳ್ಳೆಂದು ಕಂಡರೆ ವೇತನ ಆ ಕ್ಷಣವೇ ರದ್ದು, ಮುಂದೆ ಸರ್ಕಾರಿ ಕೆಲಸವೂ ಇಲ್ಲ. ಅದನ್ನು ಮೇಷ್ಟ್ರು ಓದಲಿಲ್ಲ, ನಿಯಾಜ್ ಓದಿದ. ಓದಿ ಸಹಿ ಹಾಕಿದ. ಇಪ್ಪತ್ತೊಂದರ ಹುಡುಗ, ಎದುರಿಗೆ ಹಡಗು ಕಾಣುತ್ತಿತ್ತು.

ನಾಲ್ಕೂರಿನಲ್ಲಿ ಕಾರ್ಖಾನೆ ಇರುವ ಮನೆತನವೆಂದು ಸಮಿತಿಗೆ ಬಹಳ ಸಂತೋಷವಾಯಿತು. ವೇತನ ಬಂತು. ಹೊನ್ನಾಳಿಯಲ್ಲಿ ಬೀಳ್ಕೊಡುಗೆ ಸಭೆ ನಡೆದು, ಏಳು ಜನ ಮಾತಾಡಿದರು. ಏಳು ಜನವೂ ಈ ಹುಡುಗನ ಬುದ್ಧಿಯನ್ನು ತಾವೇ ಮೊದಲು ಗುರುತಿಸಿದ್ದು ಎಂದರು. ತಾಯಿ ತಾಜ್‌ಬೀ ಮಾತ್ರ ಬುದ್ಧಿಯ ವಿಷಯ ಎತ್ತದೆ ಚಟ್ನಿಪುಡಿ ಕಟ್ಟಿಕೊಟ್ಟಳು.

ಅವನು ಹೋಗಿ ಸೇರಿದ್ದು ಚಾಕು ಚಮಚಗಳಿಗೆ ಹೆಸರಾದ ಶೆಫೀಲ್ಡ್ ಪಟ್ಟಣ. ಪಾಠಕ್ಕೆ ತೊಂದರೆಯಿರಲಿಲ್ಲ. ತೊಂದರೆ ಕೊಟ್ಟದ್ದು ಸಮಿತಿಯ ಏಳನೆಯ ನಿಯಮ: ವಿದ್ಯಾರ್ಥಿಯು ಸ್ಥಳೀಯ ಸಮಾಜದೊಡನೆ ಬೆರೆಯತಕ್ಕದ್ದು, ಅವರ ಸಂಸ್ಕೃತಿಯನ್ನು ಅರಿಯತಕ್ಕದ್ದು, ನಮ್ಮ ಸಂಸ್ಕೃತಿಯನ್ನು ಅವರಿಗೆ ಅರುಹತಕ್ಕದ್ದು. ಇದಕ್ಕೆ ಮೂರು ತಿಂಗಳಿಗೊಮ್ಮೆ ಆ ಊರಿನ ಗಣ್ಯರೊಬ್ಬರಿಂದ ಪ್ರಮಾಣಪತ್ರ ಬೇಕು. ಆ ಗಣ್ಯರನ್ನೂ ಸಮಿತಿಯೇ ಗೊತ್ತುಮಾಡಿತ್ತು. ಬೆಳ್ಳಿ ಲೇಪದ ಕಾರ್ಖಾನೆಯ ಒಡೆಯ ಥಾರ್ಪ್ ಸಾಹೇಬ. ‘ನಿಮ್ಮದೇ ಕಸುಬಿನ ದೊಡ್ಡ ಮಾಲೀಕರೊಬ್ಬರ ಮಗ ಬರುತ್ತಿದ್ದಾನೆ’ ಎಂದು ಅವನಿಗೆ ಕಾಗದವೂ ಹೋಗಿತ್ತು.

ಭಾನುವಾರ ಥಾರ್ಪನ ಮನೆಯಲ್ಲಿ ಚಹಾ. ಥಾರ್ಪ್ ಕೇಳಿದ, “ನಿಮ್ಮ ಕಾರ್ಖಾನೆಯಲ್ಲಿ ಒಲೆಗಳೆಷ್ಟು?”

“ಊರಿಗೊಂದು.”

“ಕೆಲಸಗಾರರು?”

“ಹೊರಗಿನವರನ್ನು ಸೇರಿಸುವುದಿಲ್ಲ. ಎಲ್ಲ ಮನೆಯವರೇ.”

“ಸರಕು ಗಿರಾಕಿಗೆ ತಲುಪುವುದು ಹೇಗೆ?”

“ನಾವೇ ಗಿರಾಕಿಯ ಬಾಗಿಲಿಗೆ ಹೋಗುತ್ತೇವೆ.”

ಥಾರ್ಪ್ ಬೆರಗಾಗಿ ಹೆಂಡತಿಯ ಕಡೆ ತಿರುಗಿ, “ಕೇಳಿದೆಯಾ? ಇದನ್ನು ನಾವು ಕಲಿಯಬೇಕು” ಎಂದ. ಅಲ್ಲ, ಇದರಲ್ಲಿ ನಿಯಾಜ್ ಹೇಳಿದ ಸುಳ್ಳಾದರೂ ಯಾವುದು? ಜಯದೇವಪ್ಪ ಮೇಷ್ಟ್ರ ಶಿಷ್ಯ ಅವನು. ತಟ್ಟೆಯಲ್ಲಿದ್ದ ಮಾಂಸ ಯಾವುದೆಂದು ಕೇಳಲು ಸಂಕೋಚಪಟ್ಟು ಆಲೂಗಡ್ಡೆ ತಿಂದು, ಹವಾಮಾನ ಹೊಗಳಿ, ಪ್ರಮಾಣಪತ್ರ ಹಿಡಿದು ಬರುತ್ತಿದ್ದ. ಆ ಮನೆಯಲ್ಲಿ ಬೆರೆತದ್ದು ಚಹಾಕ್ಕೆ ಹಾಲು ಮಾತ್ರ.

ನಿಜವಾಗಿ ಅವನು ಬೆರೆತದ್ದು ತಾನಿದ್ದ ಓಣಿಯಲ್ಲಿ. ಮನೆಯೊಡತಿ ಮಿಸೆಸ್ ಬೂತ್ ಎಂಬ ವಿಧವೆ, ಬಾಡಿಗೆಗೆ ಹುಡುಗರನ್ನು ಇಟ್ಟುಕೊಂಡು ಅನ್ನ ಹಾಕುವವಳು. ಬೆಳಿಗ್ಗೆ ಎದ್ದರೆ ಓಣಿಯ ಹೆಂಗಸರೆಲ್ಲ ಹೊಸ್ತಿಲು ತಿಕ್ಕುತ್ತ ಯಾರ ಸೊಸೆ ಸೋಮಾರಿ, ಯಾರ ಗಂಡ ಕುಡುಕ ಎಂದು ಲೆಕ್ಕ ಹಾಕುವರು. ನ್ಯಾಮತಿಯ ಬಾವಿಕಟ್ಟೆಯೇ ಎದ್ದು ಬಂದು ಇಲ್ಲಿ ಕೂತಿದೆ ಎನಿಸಿ ನಿಯಾಜನಿಗೆ ಕಣ್ಣು ತುಂಬುತ್ತಿತ್ತು. ಆದರೆ ಸಮಿತಿಯ ಲೆಕ್ಕದಲ್ಲಿ ಇವರು ಸಮಾಜವೂ ಅಲ್ಲ, ಸಂಸ್ಕೃತಿಯೂ ಅಲ್ಲ. ಮಿಸೆಸ್ ಬೂತ್ ಪ್ರಮಾಣಪತ್ರ ಕೊಟ್ಟರೆ ಯಾರು ಕೇಳಬೇಕು?

ಒಂದು ಶನಿವಾರ ಅವಳು ಹುಳಿ ಹಣ್ಣಿನ ಮುರಬ್ಬ ಮಾಡಲು ತಾಯಿಯ ಕಾಲದ ದೊಡ್ಡ ತಾಮ್ರದ ಪಾತ್ರೆಯನ್ನು ಅಟ್ಟದಿಂದ ಇಳಿಸಿದಳು. ನಿಯಾಜ್ ಇಣುಕಿ ನೋಡಿದರೆ ತವರವೆಲ್ಲ ಹೋಗಿದೆ, ತಳದಲ್ಲಿ ಹಸಿರು ಕಿಲುಬು. ಅವನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಇದರಲ್ಲಿ ಹುಳಿ ಬೇಯಿಸಬೇಡಿ” ಎಂದು ಕಸಿದುಕೊಂಡ. ಕಾಲೇಜಿನ ಪ್ರಯೋಗಶಾಲೆಗೆ ಓಡಿ ತವರ, ನವಸಾಗರ ಕೇಳಿ ತಂದ. ಹಿತ್ತಲಲ್ಲಿ ಇಟ್ಟಿಗೆಯ ಒಲೆ ಹೂಡಿದ. ಬೂಟು ಕಾಲುಚೀಲ ಕಳಚಿ, ಷರಾಯಿ ಮಡಿಸಿ, ಮರಳು ಹಾಕಿ ಪಾತ್ರೆಯೊಳಗೆ ಇಳಿದ. ಗೋಡೆಗೆ ಕೈ ಕೊಟ್ಟ. ಹುಡುಗನಾಗಿದ್ದಾಗ ಅಪ್ಪನ ಜೊತೆ ಕಲಿತು, ಹತ್ತು ವರ್ಷದಿಂದ ಮರೆತೆನೆಂದುಕೊಂಡಿದ್ದ ಕೆಲಸಕ್ಕೆ ಸೊಂಟ ತಾನಾಗಿಯೇ ತಿರುಗತೊಡಗಿತು.

ತಿಕ್ಕಿದ ಮೇಲೆ ಕಾಯಿಸಿ ತವರ ಸವರಿದ. ಅರ್ಧ ಗಂಟೆಯಲ್ಲಿ ಪಾತ್ರೆ ಕನ್ನಡಿಯಾಯಿತು. ಮಿಸೆಸ್ ಬೂತ್ ಅದರಲ್ಲಿ ಮುಖ ನೋಡಿಕೊಂಡು, “ಎಂಥಾ ಕೆಲಸ ಮಗೂ! ಯಾರು ಕಲಿಸಿದರು ನಿನಗೆ?” ಎಂದಳು.

“ನಮ್ಮ ಮನೆಯ ಒಬ್ಬ ಆಳು,” ಎಂದ ನಿಯಾಜ್.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು. ಆ ದಿನ ಅವನಿಗೆ ಊಟ ಸೇರಲಿಲ್ಲ, ತನ್ನ ಮೇಲೆ ತನಗೇ ಅಸಹ್ಯವಾಯಿತು.

ಇತ್ತ ಗೋಡೆಯಾಚೆಯಿಂದ ನೋಡಿದ ಪಕ್ಕದ ಮನೆಯವಳಿಗೆ ಪಾತ್ರೆ ಕಾಣಿಸಿರಲಿಲ್ಲ. ಹೊಗೆ ಕಂಡಿತ್ತು, ಬೆಂಕಿ ಕಂಡಿತ್ತು, ಎರಡು ಕೈ ಎತ್ತಿ ಕಣ್ಣು ಅರೆಮುಚ್ಚಿ ಸೊಂಟ ತಿರುಗಿಸುವ ಹುಡುಗ ಕಂಡಿದ್ದ. ‘ಅದು ಅವರ ದೇಶದ ದೇವರ ಕುಣಿತ’ ಎಂದಳು. ಸೋಮವಾರಕ್ಕೆ ಸುದ್ದಿ ಓಣಿ ತುಂಬಿತು, ಭಾನುವಾರಕ್ಕೆ ಚರ್ಚು, ಮರುದಿನ ಥಾರ್ಪನ ಕಿವಿ.

“ನೀವು ನರ್ತಕರೆಂದು ಹೇಳಲೇ ಇಲ್ಲವಲ್ಲ!” ಎಂದು ಥಾರ್ಪ್ ಕೈ ಕುಲುಕಿದ. “ಬರುವ ತಿಂಗಳು ಚರ್ಚಿನ ಸಭಾಭವನದಲ್ಲಿ ಕಾರ್ಯಕ್ರಮ ಇಟ್ಟಿದ್ದೇವೆ. ಅದು ಯಾವ ದೇವರ ಕುಣಿತ?”

ನಿಯಾಜ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅದು ಪಾತ್ರೆ ತಿಕ್ಕುವುದು ಎಂದರೆ, ಮಾಲೀಕರ ಮಗನಿಗೆ ಪಾತ್ರೆ ತಿಕ್ಕುವುದು ಹೇಗೆ ಗೊತ್ತು ಎಂಬ ಪ್ರಶ್ನೆ. ಅದರ ಹಿಂದೆ ಬೆಂಗಳೂರಿಗೆ ಕಾಗದ, ಕಾಗದದ ಹಿಂದೆ ವಾಪಸು ಹಡಗು. ಥಾರ್ಪ್ ಅವನ ಬಾಯನ್ನೇ ನೋಡುತ್ತ ನಿಂತಿದ್ದ.

“ಅಗ್ನಿದೇವರದು,” ಎಂದುಬಿಟ್ಟ, ಐದು ಹೊತ್ತು ನಮಾಜು ತಪ್ಪದ ಮನೆಯ ಹುಡುಗ.

ಹೋಟೆಲೊಂದರ ಅಡುಗೆಮನೆಯಿಂದ ಕೊಪ್ಪರಿಗೆ ಬಂತು, ಸುತ್ತ ಹೂವು ಇಟ್ಟರು. ನಿಯಾಜ್ ತಲೆಗೆ ರುಮಾಲು ಸುತ್ತಿ ಹತ್ತು ನಿಮಿಷ ತಿರುಗಿದ. ಒಬ್ಬ ಮುದುಕಿ ಪಿಯಾನೋ ಬಾರಿಸಿದಳು. ಚಪ್ಪಾಳೆಯೋ ಚಪ್ಪಾಳೆ. ಎಡಕ್ಕೆ ತಿರುಗುವುದು ಸೃಷ್ಟಿ, ಬಲಕ್ಕೆ ತಿರುಗುವುದು ಲಯ ಎಂದು ಪಾದ್ರಿಗಳಿಗೆ ಹೊಳೆಯಿತು. ಮುಂದಿನ ಎರಡು ವರ್ಷದಲ್ಲಿ ಇಂಥವು ಹನ್ನೊಂದು ಕಾರ್ಯಕ್ರಮ ನಡೆದವು. ಇಂಗ್ಲೆಂಡಿನಲ್ಲಿ ಹನ್ನೊಂದು ಕೊಪ್ಪರಿಗೆ ಬೆಳಗಿದವು, ಅಷ್ಟು ಲಾಭ ಮಾತ್ರ ನಿಜ. ‘ಪ್ರಾಚೀನ ಅಗ್ನಿನೃತ್ಯದ ಮೂಲಕ ಎರಡು ದೇಶಗಳನ್ನು ಬೆಸೆದ ಕಲಾವಿದ’ ಎಂದು ಥಾರ್ಪ್ ಬರೆದ ಪ್ರಮಾಣಪತ್ರವನ್ನು ಸಮಿತಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿತು.

ಮೂವತ್ತೊಂಬತ್ತರ ಬೇಸಿಗೆಯಲ್ಲಿ, ಯುದ್ಧಕ್ಕೆ ಸ್ವಲ್ಪ ಮುಂಚೆ, ನಿಯಾಜ್ ಪದವಿ ಹಿಡಿದು ಊರಿಗೆ ಬಂದ. ಅಭಿನಂದನೆಗೆ ಸಮಿತಿಯ ಅಧ್ಯಕ್ಷರೇ ಬೆಂಗಳೂರಿನಿಂದ ಹೊನ್ನಾಳಿಗೆ ಬರುವವರಿದ್ದರು. ಸರ್ಕಾರಿ ಲೋಹ ಕಾರ್ಖಾನೆಯಲ್ಲಿ ಕೆಲಸ ಕೊಡುವ ಆಜ್ಞೆ ಅವರ ಜೇಬಿನಲ್ಲೇ ಇತ್ತು. ಅವರ ಅಪೇಕ್ಷೆ ಒಂದೇ, ಅಗ್ನಿನೃತ್ಯ ಕಣ್ಣಾರೆ ನೋಡಬೇಕು.

ಈಗ ನಿಯಾಜನಿಗೆ ಒಂದೇ ಚಿಂತೆ. ಅಧ್ಯಕ್ಷರು ಅಬ್ಬನನ್ನು ನೋಡಬಾರದು. ಮಾಲೀಕರು ಎಂದು ಕುರ್ಚಿ ಹಾಕಿಸಿ ಶಾಖೆಗಳ ಯೋಗಕ್ಷೇಮ ವಿಚಾರಿಸಿದರೆ ಮುಗಿಯಿತು, ಮೂರು ವರ್ಷದ ಓದು ನೀರಲ್ಲಿ ಹೋಮ.

“ಅಬ್ಬಾ, ಗುರುವಾರದ ಸಭೆ ಬರೀ ಅಧಿಕಾರಿಗಳದ್ದು. ಇಂಗ್ಲಿಷಿನಾಗೆ ಮಾತಾಡ್ತಾರೆ. ನಿಂಗೆ ಬ್ಯಾಸರ ಆಗ್ತೈತೆ.”

“ಆತು ಬಿಡು ಬೇಟಾ,” ಎಂದ ಸುಬಾನಸಾಬ. “ನಂಗೂ ಗುರುವಾರ ಹೊನ್ನಾಳ್ಯಾಗೆ ಬೇರೆ ಕೆಲ್ಸ ಐತೆ.”

ಏನು ಕೆಲಸ ಎಂದು ಮಗ ಕೇಳಲಿಲ್ಲ. ಗಂಡಾಂತರ ತಪ್ಪಿತು ಎಂಬ ಖುಷಿ.

ಗುರುವಾರ ಬೆಳಿಗ್ಗೆ ಹೊನ್ನಾಳಿ ಶಾಲೆಯ ಸಭಾಂಗಣ ತುಂಬಿತು. ಜಯದೇವಪ್ಪ ಮೇಷ್ಟ್ರು ಸ್ವಾಗತ ಮಾಡಿದರು. ವೇದಿಕೆಯ ಮೇಲೆ ಕೊಪ್ಪರಿಗೆ. ನಿಯಾಜ್ ರುಮಾಲು ಸುತ್ತಿ ಒಳಗಿಳಿದ. ಒಬ್ಬ ಮದ್ದಲೆಯವನನ್ನೂ ಕರೆಸಿದ್ದರು. ಸೊಂಟ ತಿರುಗಿತು, ಅಧ್ಯಕ್ಷರು ಕಣ್ಣು ಮುಚ್ಚಿ ತಲೆದೂಗಿದರು. ಹೊನ್ನಾಳಿಯ ಜನ? ಅವರಿಗೆ ಮೊದಲ ತಿರುವಿಗೇ ಗೊತ್ತಾಗಿತ್ತು. ಇದು ಸಾಬಣ್ಣನ ತಿಕ್ಕು! ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಊರ ಹುಡುಗನ ಕೆಲಸದ ಪ್ರಶ್ನೆ, ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ.

ಆಗ ಹಿಂಬಾಗಿಲಲ್ಲಿ ಸುಬಾನಸಾಬ ಬಂದು ನಿಂತ. ಮಧ್ಯಾಹ್ನದ ಔತಣಕ್ಕೆ ಶಾಲೆಯವರು ಎರಡು ಕೊಪ್ಪರಿಗೆ ತರಿಸಿದ್ದರು, ಎರಡಕ್ಕೂ ಕಲಾಯಿ ಹೋಗಿತ್ತು, ಅಡುಗೆಯವರು ಕರೆದದ್ದು ಅವನನ್ನೇ. ಆ ಸೀಮೆಯಲ್ಲಿ ಬೇರೆ ಯಾರನ್ನು ಕರೆಯಬೇಕು? ಹಿತ್ತಲಲ್ಲಿ ಒಂದು ಮುಗಿಸಿ, ಮದ್ದಲೆಯ ಸದ್ದು ಕೇಳಿ ಮಸಿ ಕೈಯಲ್ಲೇ ಇಣುಕಿದ್ದ. ನೋಡುತ್ತಾನೆ: ವಿಲಾಯಿತಿಯಲ್ಲಿ ಓದಿದ ಮಗ, ದೊಡ್ಡ ದೊಡ್ಡವರ ಎದುರಿಗೆ ಅಪ್ಪನ ಕಸುಬು ಮಾಡಿ ತೋರಿಸುತ್ತಿದ್ದಾನೆ! ಮುದುಕನ ಕಣ್ಣಲ್ಲಿ ನೀರು ಬಂತು. ಕುಣಿತ ನಿಂತದ್ದೇ ತಡ, ನಡುವೆ ದಾರಿ ಮಾಡಿಕೊಂಡು ಸೀದಾ ವೇದಿಕೆಯ ಬುಡಕ್ಕೆ ಬಂದ.

“ಸೊಂಟ ಸರಿ ಐತೆ ಬೇಟಾ. ಹಿಮ್ಮಡಿ ಊರ್ತಿಲ್ಲ ನೋಡು. ಹಿಮ್ಮಡಿ ಊರದಿದ್ರೆ ತಳ ಹೆಂಗೆ ಬೆಳಗ್ತೈತೆ?”

ಅಧ್ಯಕ್ಷರು ಕನ್ನಡಕ ಏರಿಸಿ, “ಇವರು ಯಾರು?” ಎಂದರು.

ಜಯದೇವಪ್ಪ ಮೇಷ್ಟ್ರು ಎದ್ದೇಬಿಟ್ಟರು. “ಸಾರ್, ಇವರು ನೃತ್ಯದ... ಗುರುಗಳು ಅನ್ನಬಹುದು.” ಅದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ.

ಸುಮ್ಮನಿದ್ದಿದ್ದರೆ ನಿಯಾಜನ ಕೆಲಸ ಭದ್ರ. ಅಪ್ಪನ ಮುಖ ನೋಡಿದ. ಅಷ್ಟು ಹಿಗ್ಗಿದ ಮುಖವನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಶೆಫೀಲ್ಡಿನ ಹಿತ್ತಲಲ್ಲಿ ಈ ಅಪ್ಪನನ್ನೇ ಆಳು ಎಂದದ್ದು ನೆನಪಾಯಿತು. ಇನ್ನೊಂದು ಸಲ ಹಾಗೆ ಮಾಡಲು ಅವನಿಂದ ಆಗಲಿಲ್ಲ.

“ನಮ್ಮ ಅಬ್ಬಾ ಸರ್. ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕ್ತಾರೆ. ಕಾರ್ಖಾನೆ ಇಲ್ಲ, ಶಾಖೆ ಇಲ್ಲ. ನಾನು ಕುಣಿದದ್ದು ಕುಣಿತವಲ್ಲ, ಕೊಪ್ಪರಿಗೆ ತಿಕ್ಕೋದು. ಅಗ್ನಿದೇವರು ಅಂತ ಸುಳ್ಳು ಹೇಳಿದೆ.”

ಹೇಳಿ ಮುಗಿಸಿ, ತಲೆ ಹೋದರೂ ಹೋಗಲಿ ಎಂದು ನಿಂತ. ಅಧ್ಯಕ್ಷರು ಅವನನ್ನು ನೋಡಿದರು, ಮುದುಕನನ್ನು ನೋಡಿದರು. ಅವರ ಮುಖದಲ್ಲಿ ಬಣ್ಣ ಬಂದು ಬಣ್ಣ ಹೋಯಿತು. ಈ ನೃತ್ಯದ ಬಗ್ಗೆ ಅವರೇ ಸರ್ಕಾರಕ್ಕೆ ಹದಿನಾರು ಪುಟದ ವರದಿ ಬರೆದು ಕಳಿಸಿದ್ದರು. ಅಗ್ನಿನೃತ್ಯ ಸಾವಿರ ವರ್ಷ ಹಳೆಯದೆಂದು ಮೂರನೆಯ ಪುಟದಲ್ಲಿ ಸಾಬೀತುಪಡಿಸಿಯೂ ಇದ್ದರು. ಮೆಲ್ಲಗೆ ನಕ್ಕರು.

“ನೋಡಿದಿರಾ ಮಹನೀಯರೇ, ಎಂಥ ವಿನಯ! ನಿಜವಾದ ಕಲಾವಿದ ತನ್ನ ಕಲೆಯನ್ನು ಯಾವತ್ತೂ ಹೀಗೆ ಕೆಳಗಿಟ್ಟೇ ಮಾತಾಡುತ್ತಾನೆ.” ತಮ್ಮ ಕೊರಳಿನ ಹಾರ ತೆಗೆದು ಸುಬಾನಸಾಬನಿಗೆ ಹಾಕಿದರು, ಆಜ್ಞೆಯನ್ನು ನಿಯಾಜನ ಕೈಗೆ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಸಾಲದ್ದಕ್ಕೆ ಅವನ ಕಿವಿಯ ಬಳಿ ಬಾಗಿ, “ಇನ್ನು ಈ ಮಾತನ್ನು ಎಲ್ಲೂ ಆಡಬೇಡ, ತಿಳಿಯಿತೇ?” ಎಂದು ಗದರಿದರು.

ನಿಜ ಹೇಳಿದ್ದಕ್ಕೂ ಶಿಕ್ಷೆ ಸಿಗದ ಮೇಲೆ ಮನುಷ್ಯ ಎಲ್ಲಿಗೆ ಹೋಗಬೇಕು? ನಿಯಾಜ್ ಹಿತ್ತಲಿಗೆ ಹೋದ. ಸುಬಾನಸಾಬ ಹಾರ ತೆಗೆದು ಗೂಟಕ್ಕೆ ಸಿಕ್ಕಿಸಿ, ಎರಡನೆಯ ಕೊಪ್ಪರಿಗೆಗೆ ಮರಳು ಸುರಿಯುತ್ತಿದ್ದ. ಮುಖದಲ್ಲಿ ಆಗಿನ ಹಿಗ್ಗು ಇರಲಿಲ್ಲ. ಮುದುಕನಿಗೆ ಎಲ್ಲ ಅರ್ಥವಾಗಿತ್ತು.

“ವಿಲಾಯ್ತ್ಯಾಗೆ ಯಾರದ್ದು ಮೊದ್ಲು ಬೆಳಗಿದ್ದು?” ಎಂದು ಕೇಳಿದ, ತಲೆ ಎತ್ತದೆ.

“ಮನೆ ಕೊಟ್ಟಿದ್ದ ಅಮ್ಮನದ್ದು. ಹುಳಿ ಹಣ್ಣು ಬೇಯ್ಸೋ ಪಾತ್ರೆ.”

“ಕಿಲುಬು ಇತ್ತಾ?”

“ಇತ್ತು. ಹಸ್ರಾಗಿತ್ತು.”

“ಆಮ್ಯಾಲೆ ಅದ್ರಾಗೆ ಬೇಯ್ಸಿ ಉಂಡ್ರಲ್ಲ, ಯಾರ್ಗೂ ಹೊಟ್ಟೆ ನೋಯಲಿಲ್ಲಲ್ಲ?”

“ಇಲ್ಲ ಅಬ್ಬಾ.”

“ಅಷ್ಟು ಚಲೋ ಕೆಲ್ಸ,” ಎಂದ ಸುಬಾನಸಾಬ. “ಅದನ್ನ ಮುಚ್ಚಾಕೆ ದೇವ್ರನ್ನ ಯಾಕೆ ಕರ್ಕಂಡು ಬಂದ್ಯೋ?”

ನಿಯಾಜ್ ಕೋಟು ಬಿಚ್ಚಿದ, ಬೂಟು ಕಳಚಿದ, ಅಪ್ಪನ ಕೈ ಹಿಡಿದು ಪಕ್ಕಕ್ಕೆ ಸರಿಸಿ ತಾನು ಕೊಪ್ಪರಿಗೆಯೊಳಗೆ ಇಳಿದ. ಹಿಮ್ಮಡಿ ಊರಿದ. ಮುದುಕ ತಿದಿ ಒತ್ತಲು ಕೂತ.

ಎರಡನೆಯ ಕೊಪ್ಪರಿಗೆ ಆಗುವ ತನಕ ಸಾರು ಒಲೆಗೇರುವಂತಿರಲಿಲ್ಲ, ಔತಣ ಎರಡು ಗಂಟೆ ತಡವಾಯಿತು. ಅಧ್ಯಕ್ಷರು ಹಸಿದ ಹೊಟ್ಟೆಯಲ್ಲಿ ಹಿತ್ತಲಿಗೆ ಬಂದು, ಗುರುಶಿಷ್ಯರು ಒಟ್ಟಿಗೆ ನಡೆಸುತ್ತಿದ್ದ ನೃತ್ಯವನ್ನು ಕೈಕಟ್ಟಿ ನಿಂತು ನೋಡಿದರು. ಪಿಯಾನೋ ಇಲ್ಲ, ಮದ್ದಲೆ ಇಲ್ಲ, ಬರೀ ಮರಳಿನ ಕರಕರ ಸದ್ದು. ಸ್ವಲ್ಪ ಹೊತ್ತಿಗೆ ಅವರಿಗೆ ಬೇಸರವಾಯಿತು. ಬೆಳಗಿನದ್ದೇ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಹೇಳಿ ಒಳಗೆ ಹೋದರು.